ಆಟಕ್ಕೊಂದು ಲಿಪಿ

ಗಣಕಯಂತ್ರದ ಆಟಗಳು ಸಾಹಿತ್ಯದ ಪುಟಕ್ಕೆ ತಕ್ಕ ವಿಷಯವೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಪರದೆಯ ಮೇಲಿನ ಅಪರಿಚಿತ ಚಿಹ್ನೆಗಳಿಂದಲೇ ಆಟಗಾರನು ಒಂದು ಲೋಕವನ್ನು ಅರಿಯಬೇಕಾದ ಆಟಗಳು ಹುಟ್ಟಿರುವಾಗ, ಲಿಪಿ ಯಾವುದು, ಭಾಷೆ ಯಾವುದು ಎಂಬ ಹಳೆಯ ಪ್ರಶ್ನೆಯೇ ಹೊಸ ವೇಷದಲ್ಲಿ ಬಂದಿದೆ.

2022ರ ‘ಟ್ಯೂನಿಕ್’ ಎಂಬ ಆಟದ ಕೈಪಿಡಿ ಬಹುಮಟ್ಟಿಗೆ ಕಲ್ಪಿತ ಲಿಪಿಯಲ್ಲಿದೆ. ಬಿಡಿಸಿದರೆ ಒಳಗಿರುವುದು ಇಂಗ್ಲಿಷೇ. ಸ್ವರದ ಗೆರೆ, ವ್ಯಂಜನದ ಗೆರೆ ಕೂಡಿ ಒಂದು ಚಿಹ್ನೆಯಾಗುವ ಅದರ ಕ್ರಮ ಮಾತ್ರ ನಮ್ಮ ಕಾಗುಣಿತದ ದೂರದ ನೆಂಟ! 2023ರ ‘ಚಾಂಟ್ಸ್ ಆಫ್ ಸೆನ್ನಾರ್’ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಚಿಹ್ನೆಯು ಧ್ವನಿಯನ್ನಲ್ಲ, ಅರ್ಥವನ್ನು ಹೊರುತ್ತದೆ. ಗೋಪುರದ ಒಂದೊಂದು ಜನಾಂಗಕ್ಕೂ ಅದರದೇ ಚಿಹ್ನೆಗಳು. ಮೊದಲನೆಯದು ಗುಪ್ತಲಿಪಿ, ಎರಡನೆಯದು ಭಾಷೆಯ ಹೊಸ್ತಿಲು.

ಕುರಕುಂಟಾದಲ್ಲಿ ಕುಳಿತು ಇದನ್ನು ಯೋಚಿಸುವವನ ಮನಸ್ಸು ಇದೇ ಸೇಡಂ ತಾಲ್ಲೂಕಿನ ಮಳಖೇಡದತ್ತ ಹೊರಳದೆ ಇದ್ದೀತೆ? ಕಾಗಿಣಾ ತೀರದ ಆ ರಾಷ್ಟ್ರಕೂಟ ರಾಜಧಾನಿಯ ಅಮೋಘವರ್ಷನೊಡನೆ ಕುಮುದೇಂದು ಮುನಿಯ ‘ಸಿರಿಭೂವಲಯ’ದ ಹೆಸರನ್ನು ಜೋಡಿಸುವ ರೂಢಿಯಿದೆ. ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ 1953ರಲ್ಲಿ ಅಚ್ಚು ಕಂಡ ಈ ಕೃತಿಯಲ್ಲಿ ಅಕ್ಷರವೇ ಇಲ್ಲ, ಬರಿಯ ಅಂಕೆಗಳು. ಹ್ರಸ್ವ, ದೀರ್ಘ, ಪ್ಲುತಗಳೆಂದು 27 ಸ್ವರ, 25 ವರ್ಗೀಯ ವ್ಯಂಜನ, 8 ಅವರ್ಗೀಯ, 4 ಯೋಗವಾಹ: ಹೀಗೆ 64 ಧ್ವನಿಗಳಿಗೆ 64 ಅಂಕೆ. ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚಕ್ರದಲ್ಲಿ ಬಂಧದ ದಾರಿ ತಿಳಿದು ನಡೆದವನಿಗೆ ಕನ್ನಡ ಸಾಂಗತ್ಯ ದೊರೆಯುತ್ತದೆ. ದಾರಿ ತಪ್ಪಿದವನಿಗೆ ಅಂಕೆಗಳಷ್ಟೆ. ಇದು ಆಟವಲ್ಲದೆ ಮತ್ತೇನು? ಕೃತಿಯ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಸಾಂಗತ್ಯವನ್ನು ಒಂಬತ್ತನೆಯ ಶತಮಾನಕ್ಕೆ ಒಯ್ಯಲು ನನ್ನ ಮನಸ್ಸಂತೂ ಒಪ್ಪದು. ಊರಿನ ಅಭಿಮಾನ ಬೇರೆ, ಛಂದಸ್ಸಿನ ಸಾಕ್ಷ್ಯ ಬೇರೆ.

ಆದರೆ ಎಷ್ಟೇ ಚಮತ್ಕಾರವಿದ್ದರೂ ಇದು ಗುಪ್ತಲಿಪಿಯೇ. ಕನ್ನಡ ಬಾರದವನು ಚಕ್ರವನ್ನು ಬಿಡಿಸಿಯೂ ಬರಿಗೈಯಲ್ಲಿ ಹಿಂದಿರುಗಬೇಕು. ಯಾವ ನಾಡಿನವನೂ ಆಡಬಹುದಾದ ಆಟಕ್ಕೆ ಚಿಹ್ನೆ ಕಟ್ಟಹೊರಟ ನನ್ನ ಇಬ್ಬರು ವಿದ್ಯಾರ್ಥಿಗಳಿಗೆ ನಾನು ಹೇಳಿದ್ದೂ ಇಷ್ಟೆ. ನೀರು, ಬೆಂಕಿ, ಬಾಗಿಲುಗಳಿಗೆ ಅವರು ಬೇಗನೆ ಚಿತ್ರ ಬರೆದರು. ‘ಬಾಗಿಲಿಗೆ’, ‘ಬಾಗಿಲಿಂದ’ ಎನ್ನುವಲ್ಲಿ ಕೈ ನಿಂತಿತು. ಒತ್ತಕ್ಷರದಂತೆ ಚಿಹ್ನೆಯ ಕೆಳಗೆ ವಿಭಕ್ತಿಯ ಕಿರುಗುರುತು ಇಟ್ಟುಕೊಂಡರು. ಹೆಚ್ಚು ವಾದ ನಡೆದದ್ದು ನಿಷೇಧದ ಬಗ್ಗೆ. ಇಂಗ್ಲಿಷ್ ಆಟಗಳನ್ನು ಕಂಡಿದ್ದ ಒಬ್ಬನು ನಿಷೇಧಕ್ಕೆ ಒಂದೇ ಅಡ್ಡಗೆರೆ ಸಾಕೆಂದ. ಮತ್ತೊಬ್ಬಳು, “ಹಾಗಾದರೆ ‘ಬಾಗಿಲು ಇಲ್ಲ’ ಎಂಬುದಕ್ಕೂ ‘ಇದು ಬಾಗಿಲಲ್ಲ’ ಎಂಬುದಕ್ಕೂ ಭೇದವೆಲ್ಲಿ?” ಎಂದು ಕೇಳಿದಳು. ಈಗ ಅವರ ಆಟದಲ್ಲಿ ‘ಇಲ್ಲ’ಕ್ಕೆ ಖಾಲಿ ಚೌಕ, ‘ಅಲ್ಲ’ಕ್ಕೆ ಓರೆಗೆರೆ. ಗೋಡೆಯ ಮೇಲೆ ಬರೆದ ಹುಸಿ ಬಾಗಿಲಿಗೆ ಹಣೆ ಹಚ್ಚಿಸಿಕೊಂಡ ಆಟಗಾರನು, ಅವನ ಮನೆಮಾತು ಯಾವುದೇ ಇರಲಿ, ಆ ಎರಡರ ಅಂತರವನ್ನು ಅಲ್ಲಿಯೇ ಕಲಿಯುತ್ತಾನೆ.