ಬೇಡಿಕೆ ಪಟ್ಟಿ ಕಂಪ್ಯೂಟರಿಗೆ ಏರುವ ಮುನ್ನ ಒಮ್ಮೆ ನೋಡಿ



ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸುವಿಗೆ ಲೀಟರಿಗೆ 400 ಗ್ರಾಂನಂತೆ 4 ಕೆ.ಜಿ., ಶರೀರ ಪೋಷಣೆಗೆ ಸುಮಾರು 2 ಕೆ.ಜಿ., ಒಟ್ಟು 6 ಕೆ.ಜಿ. ಪಶು ಆಹಾರ ಬೇಕು. 50 ಕೆ.ಜಿ.ಯ ಚೀಲ ಎಂಟು ದಿನಕ್ಕೆ ಮುಗಿಯುತ್ತದೆ. ಲೋಡು ಒಂದು ವಾರ ತಡವಾದರೆ ನಿಮ್ಮ ಕ್ಯಾನಿನಲ್ಲೇ ಅದು ಗೊತ್ತಾಗುತ್ತದೆ. ತಡವಾಗಲು ದೊಡ್ಡ ಕಾರಣ ಬೇಕಿಲ್ಲ, ಸಂಘದ ಬೇಡಿಕೆ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದ್ದರೂ ಸಾಕು.

ಪಶು ಆಹಾರ, ಖನಿಜ ಮಿಶ್ರಣ, ಮೇವಿನ ಬೀಜ, ಕ್ಯಾನು, ರಬ್ಬರ್ ಮ್ಯಾಟ್ ಎಲ್ಲವನ್ನೂ ಎಕ್ಸೆಲ್ ಹಾಳೆಯಲ್ಲಿ ಸಾಲು ಸಾಲಾಗಿ ತುಂಬಿ ಒಂದೇ ಸಲ ತಂತ್ರಾಂಶಕ್ಕೆ ಅಪ್‌ಲೋಡ್ ಮಾಡಿದರೆ ಸಮಯ ಉಳಿಯುತ್ತದೆ. ಆದರೆ ಕಂಪ್ಯೂಟರ್ ನಮ್ಮಂತೆ ಅಂದಾಜು ಮಾಡಿಕೊಳ್ಳುವುದಿಲ್ಲ. ಬರೆದದ್ದನ್ನಷ್ಟೇ ಓದುತ್ತದೆ.

ಚೀಲವೋ, ಕೆ.ಜಿ.ಯೋ?

40 ಚೀಲ ಎಂದರೆ 2,000 ಕೆ.ಜಿ. ಪ್ರಮಾಣದಲ್ಲಿ 2,000 ಎಂದು ಬರೆದು ಅಳತೆಯ ಕಾಲಂನಲ್ಲಿ ‘ಚೀಲ’ ಎಂದು ಬಿಟ್ಟರೆ ಅದು 100 ಟನ್ ಬೇಡಿಕೆಯಾಗುತ್ತದೆ. 40 ಎಂದು ಬರೆದು ‘ಕೆ.ಜಿ.’ ಎಂದರೆ ಒಂದು ಚೀಲವೂ ಆಗುವುದಿಲ್ಲ. ಅಂಕಿಯ ಜಾಗದಲ್ಲಿ ‘40 ಚೀಲ’ ಎಂದು ಸೇರಿಸಿ ಬರೆಯಲೂ ಬೇಡಿ. ಎಕ್ಸೆಲ್ ಅದನ್ನು ಅಕ್ಷರವೆಂದು ತಿಳಿದು ಒಟ್ಟು ಮೊತ್ತದಿಂದ ಬಿಟ್ಟುಬಿಡುತ್ತದೆ.

ಸೊನ್ನೆ ಮತ್ತು ದಿನಾಂಕ

ಪದಾರ್ಥದ ಸಂಕೇತ ಸಂಖ್ಯೆ 00412 ಎಂದಿದ್ದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ತಿಂದು 412 ಮಾಡುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಿಸಬೇಕು. 05-06 ಎಂಬ ದಿನಾಂಕ ನಮಗೆ ಜೂನ್ 5. ತಿಂಗಳನ್ನು ಮೊದಲು ಓದುವ ಕಂಪ್ಯೂಟರಿಗೆ ಅದು ಮೇ 6. ಕಳೆದುಹೋದ ದಿನಕ್ಕೆ ಆಹಾರ ಕೇಳಿದಂತಾಗುತ್ತದೆ.

ಕನ್ನಡ ಅಕ್ಷರ

ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರು ತಂತ್ರಾಂಶದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಪ್ರಮಾಣವನ್ನು 1, 2, 3 ಅಂಕಿಗಳಲ್ಲೇ ಬರೆಯಿಸಿ. ಮಧ್ಯೆ ಖಾಲಿ ಸಾಲು ಬಿಡಬೇಡಿ, ಎರಡು ಮನೆಗಳನ್ನು ಕೂಡಿಸಬೇಡಿ. ಪ್ರತಿ ಪದಾರ್ಥಕ್ಕೂ ಪ್ರತ್ಯೇಕ ಸಾಲಿರಲಿ.

ಒಂದು ಸಾಲು ತಿರಸ್ಕೃತವಾದರೆ

12 ಸಾಲುಗಳಲ್ಲಿ 11 ಸ್ವೀಕೃತವಾಗಿ ಒಂದು ಉಳಿದರೆ ಅದೊಂದನ್ನೇ ತಿದ್ದಿ ಕಳಿಸಬೇಕು. ಇಡೀ ಹಾಳೆಯನ್ನು ಮತ್ತೆ ಏರಿಸಿದರೆ 11 ಪದಾರ್ಥಗಳ ಬೇಡಿಕೆ ಎರಡು ಪಟ್ಟಾಗಬಹುದು. ಬಂದ ಮಾಲಿನ ಹಣ ಕೊನೆಗೆ ನಮ್ಮ ಹಾಲಿನ ಬಟವಾಡೆಯಲ್ಲೇ ಕಡಿತವಾಗುವುದು. ಆದ್ದರಿಂದ ಏರಿಸಿದ ಮೇಲೆ ಬರುವ ದೋಷಪಟ್ಟಿಯನ್ನು ಓದದೆ ಕಂಪ್ಯೂಟರ್ ಮುಚ್ಚಬಾರದು.

ಇನ್ನೊಂದು ಮಾತು. ಬೇಡಿಕೆ ಬೇರೆ, ಖರೀದಿ ಆದೇಶ ಬೇರೆ. ಅಪ್‌ಲೋಡ್ ಆಯಿತೆಂದರೆ ನಾವು ಕೇಳಿದ್ದೇವೆ ಎಂದಷ್ಟೇ ಅರ್ಥ. ಅದಕ್ಕೆ ಮೇಲಿನವರ ಮಂಜೂರಾತಿ ಸಿಕ್ಕಿ, ಆದೇಶ ಹೊರಟ ಮೇಲೆಯೇ ಮಾಲು ಬರುವುದು. ‘ಕಳಿಸಿದ್ದೇವೆ’ ಎಂಬ ಉತ್ತರಕ್ಕೆ ಸುಮ್ಮನಾಗದೆ ಬೇಡಿಕೆ ಸಂಖ್ಯೆ ಎಷ್ಟು, ಮಂಜೂರಾಗಿದೆಯೇ ಎಂದು ಕೇಳಿ.

ನಮಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಹಿಂಜರಿಯಬೇಡಿ. ನಿಮ್ಮ ಕೊಟ್ಟಿಗೆಯ ಲೆಕ್ಕ ನಿಮಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವೆಂದರೆ ಒಂದು ಹಸುವಿಗೆ ಒಂದು ಕೆ.ಜಿ. 20 ದಿನ ಬರುತ್ತದೆ. ಇದೇ ರೀತಿ ತಿಂಗಳ ಅಗತ್ಯವನ್ನು ಮನೆಯಲ್ಲೇ ಲೆಕ್ಕ ಹಾಕಿ ಸಂಘದ ಪುಸ್ತಕದಲ್ಲಿ ಬರೆಯಿಸಿ. ಹಾಳೆ ಏರಿಸುವ ಮುನ್ನ ಕಾರ್ಯದರ್ಶಿಯವರು ಅದರ ಪ್ರತಿ ತೆಗೆಯಲಿ, ನಿರ್ದೇಶಕಿಯರಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪುಸ್ತಕ ಹಿಡಿದು ತಾಳೆ ನೋಡಲಿ. ಎರಡರ ಒಟ್ಟು ಮೊತ್ತ ಸರಿಹೊಂದಿದ ಮೇಲೆಯೇ ಸಹಿ ಮಾಡಿ.