ತೊಂಬತ್ತರ ದಶಕದ ಅಮೆರಿಕನ್ ಐಷಾರಾಮಿ ಕಾರು: ಕಡಿಮೆ ಬೆಲೆಗೆ ಕೊಳ್ಳುವ ಮುನ್ನ

1990ರ ದಶಕದಲ್ಲಿ ಅಮೆರಿಕದ ರಸ್ತೆಗಳಲ್ಲಿ ಸಿರಿವಂತಿಕೆಯ ಗುರುತಾಗಿದ್ದ ದೊಡ್ಡ ಸೆಡಾನ್‌ಗಳು ಇಂದು ಅಲ್ಲಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೆಲವೇ ಸಾವಿರ ಡಾಲರಿಗೆ ಸಿಗುತ್ತವೆ. ಲಿಂಕನ್ ಟೌನ್ ಕಾರ್, ಕ್ಯಾಡಿಲಾಕ್ ಡಿವಿಲ್ ಮತ್ತು ಸೆವಿಲ್, ಬ್ಯೂಕ್ ಪಾರ್ಕ್ ಅವೆನ್ಯೂ ಇವುಗಳಲ್ಲಿ ಮುಖ್ಯವಾದವು. ದಶಕದ ನಡುವಿನಲ್ಲಿ ಒಂದು ಹೊಸ ಡಿವಿಲ್ ಅಥವಾ ಟೌನ್ ಕಾರಿಗೆ ಸುಮಾರು 35 ಸಾವಿರ ಡಾಲರ್ ಬೇಕಿತ್ತು. ಅದೇ ಕಾರು ಈಗ ಒಂದು ಒಳ್ಳೆಯ ಮೋಟಾರ್ ಸೈಕಲ್ಲಿನ ಬೆಲೆಗೆ ಇಳಿದಿದೆ. ಚರ್ಮದ ಸೀಟು, ಹಲವು ದಿಕ್ಕಿಗೆ ಸರಿಯುವ ವಿದ್ಯುತ್ ಹೊಂದಾಣಿಕೆ, ತಣ್ಣನೆಯ ಎಸಿ, ಒಳಗೆ ಕೂತರೆ ಹೊರಗಿನ ಸದ್ದೇ ಕೇಳದ ನಿಶ್ಶಬ್ದ ಎಲ್ಲವೂ ಅದರೊಂದಿಗೆ ಬರುತ್ತವೆ. ಆದರೆ ಕೊಳ್ಳುವ ಬೆಲೆ ಇಳಿದ ಹಾಗೆ ರಿಪೇರಿಯ ಖರ್ಚು ಇಳಿಯುವುದಿಲ್ಲ. ಐಷಾರಾಮಿ ಕಾರು ಎಷ್ಟೇ ಹಳತಾದರೂ ಅದರ ರಿಪೇರಿ ಐಷಾರಾಮಿ ಕಾರಿನ ರಿಪೇರಿಯೇ.

ಇವುಗಳ ಸ್ವಭಾವ ಕರ್ನಾಟಕದ ಹಳೆಯ ಓದುಗರಿಗೆ ಪೂರ್ತಿ ಅಪರಿಚಿತವಲ್ಲ. ಅಂಬಾಸಡರ್ ಕಾರಿನ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚಿನಂತಿತ್ತು, ಗೇರ್ ಕಡ್ಡಿ ಸ್ಟಿಯರಿಂಗಿನ ಪಕ್ಕದಲ್ಲಿತ್ತು. ಟೌನ್ ಕಾರಿನಲ್ಲೂ ಮುಂದೆ ಮೂವರು ಕೂರಬಹುದಾದ ಸೀಟು ಇದೆ, ಆಟೋಮ್ಯಾಟಿಕ್ ಗೇರಿನ ಕಡ್ಡಿ ಸ್ಟಿಯರಿಂಗಿಗೆ ಅಂಟಿಕೊಂಡಿದೆ. ಅಳತೆಯಲ್ಲಿ ಮಾತ್ರ ಹೋಲಿಕೆಯಿಲ್ಲ. ಅಂಬಾಸಡರ್ ಸುಮಾರು 4.3 ಮೀಟರ್ ಉದ್ದ, 1990ರಿಂದ 1997ರವರೆಗಿನ ಟೌನ್ ಕಾರ್ ಸುಮಾರು 5.6 ಮೀಟರ್. ಮೃದುವಾದ ಸಸ್ಪೆನ್ಷನ್ನಿನಿಂದಾಗಿ ಅದು ನೇರ ಹೆದ್ದಾರಿಯಲ್ಲಿ ದೋಣಿಯಂತೆ ತೇಲುತ್ತದೆ, ತಿರುವಿನಲ್ಲಿ ದೋಣಿಯಂತೆಯೇ ವಾಲುತ್ತದೆ.

ಬೆಲೆ ಇಷ್ಟು ಕುಸಿಯಲು ಕಾರುಗಳ ದೋಷವೊಂದೇ ಕಾರಣವಲ್ಲ. 1989ರಲ್ಲಿ ಜಪಾನಿನ ಲೆಕ್ಸಸ್ ಅಮೆರಿಕಕ್ಕೆ ಕಾಲಿಟ್ಟ ಮೇಲೆ ಅನುಕೂಲಸ್ಥ ಯುವಜನ ಆ ಕಡೆಗೂ ಜರ್ಮನ್ ಕಾರುಗಳ ಕಡೆಗೂ ಹೊರಳಿದರು. ಕ್ಯಾಡಿಲಾಕ್, ಲಿಂಕನ್, ಬ್ಯೂಕ್‌ಗಳಿಗೆ ಉಳಿದ ನಿಷ್ಠಾವಂತ ಗಿರಾಕಿಗಳಲ್ಲಿ ಹೆಚ್ಚಿನವರು ನಿವೃತ್ತರು. ದಶಕದ ಕೊನೆಗೆ ಲಿಂಕನ್ ನ್ಯಾವಿಗೇಟರ್, ಕ್ಯಾಡಿಲಾಕ್ ಎಸ್ಕಲೇಡ್‌ನಂಥ ಎಸ್‌ಯುವಿಗಳು ಬಂದು ದೊಡ್ಡ ಸೆಡಾನಿನ ಜಾಗವನ್ನು ಹಿಡಿದವು. ಹೀಗೆ ಕೇಳುವವರು ಕಡಿಮೆಯಾದರು, ಬೆಲೆ ಬಿತ್ತು. ಕೊಳ್ಳುವವರಿಗೆ ಇದರಲ್ಲೊಂದು ಅನುಕೂಲವಿದೆ. ವಯಸ್ಸಾದ ಮೊದಲ ಮಾಲೀಕರು ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿ, ನಿಧಾನವಾಗಿ ಓಡಿಸಿ, ಪ್ರತಿ ಸರ್ವೀಸಿನ ರಸೀದಿಯನ್ನೂ ಕವರಿನಲ್ಲಿ ಜೋಪಾನವಾಗಿಟ್ಟ ಉದಾಹರಣೆಗಳು ಈ ವರ್ಗದಲ್ಲಿ ಬೇರೆಡೆಗಿಂತ ಹೆಚ್ಚು.

ಯಾವ ಕಾರು ಬದುಕಿ ಉಳಿದಿದೆ, ಯಾವುದು ಗುಜರಿ ಸೇರಿದೆ ಎಂದು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಅಪರೂಪದ ತಂತ್ರಜ್ಞಾನವಿದ್ದ ಕಾರುಗಳು ಮಾಲೀಕರ ಕೈ ಸುಟ್ಟಿವೆ. ಸಾಮಾನ್ಯ ಬಿಡಿಭಾಗಗಳ ಮೇಲೆ ಐಷಾರಾಮವನ್ನು ಹೊದಿಸಿದ ಕಾರುಗಳು ಇಂದಿಗೂ ಓಡುತ್ತಿವೆ.

ಇದಕ್ಕೆ ಟೌನ್ ಕಾರಿಗಿಂತ ಒಳ್ಳೆಯ ನಿದರ್ಶನವಿಲ್ಲ. ಫೋರ್ಡ್ ಕಂಪನಿ ಇದನ್ನು ಪ್ಯಾಂಥರ್ ಎಂಬ ಹೆಸರಿನ ಚಾಸಿಯ ಮೇಲೆ ಕಟ್ಟಿತು. ಲಾರಿಗಳಲ್ಲಿರುವಂತೆ ಪ್ರತ್ಯೇಕ ಉಕ್ಕಿನ ಚೌಕಟ್ಟು, ಅದರ ಮೇಲೆ ಕೂರಿಸಿದ ಬಾಡಿ, ಮುಂದೆ ವಿ8 ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ. ಇದೇ ಚಾಸಿಯ ಮೇಲೆ ಅಮೆರಿಕದ ಪೊಲೀಸರ ಮತ್ತು ಟ್ಯಾಕ್ಸಿಯವರ ಕ್ರೌನ್ ವಿಕ್ಟೋರಿಯಾ ಕೂಡ ತಯಾರಾಯಿತು, ಅದರ ಉತ್ಪಾದನೆ 2011ರವರೆಗೂ ನಡೆಯಿತು. ಆದ್ದರಿಂದ ಬ್ರೇಕ್, ಸ್ಟಿಯರಿಂಗ್, ಎಂಜಿನ್ನಿನ ಭಾಗಗಳು ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ, ಈ ಕಾರು ಬಿಚ್ಚಿ ಗೊತ್ತಿಲ್ಲದ ಮೆಕ್ಯಾನಿಕ್ ಅಲ್ಲಿ ಅಪರೂಪ. 1991ರಲ್ಲಿ ಇದಕ್ಕೆ ಬಂದ 4.6 ಲೀಟರ್ ವಿ8, ಎಣ್ಣೆ ಬದಲಾಯಿಸುತ್ತ ಬಂದರೆ ಎರಡು ಲಕ್ಷ ಮೈಲಿಯನ್ನು ಸದ್ದಿಲ್ಲದೆ ದಾಟುವ ಎಂಜಿನ್. ವಿಮಾನ ನಿಲ್ದಾಣದ ಬಾಡಿಗೆ ಕಾರಾಗಿ ಹಗಲಿರುಳು ದುಡಿದ ಟೌನ್ ಕಾರುಗಳು ಅದಕ್ಕೂ ಹೆಚ್ಚು ಓಡಿವೆ. ಬಾಡಿಗೆಗೆ ಓಡಿದ ಕಾರಿಗಿಂತ ಮನೆಬಳಕೆಯ ಕಾರನ್ನೇ ಆರಿಸುವುದು ಮೇಲು.

ಟೌನ್ ಕಾರಿಗೂ ಕಾಯಿಲೆಗಳಿವೆ. ಹಿಂಭಾಗದಲ್ಲಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿವೆ, ವಯಸ್ಸಾದಂತೆ ಅವು ಬಿರುಕು ಬಿಡುತ್ತವೆ. ಇದನ್ನು ಪತ್ತೆಹಚ್ಚಲು ಉಪಕರಣವೇ ಬೇಡ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ದೂರದಿಂದ ನೋಡಿದರೆ, ಹಿಂಭಾಗ ಕುಳಿತ ಹಸುವಿನಂತೆ ನೆಲಕ್ಕೆ ಇಳಿದಿದ್ದರೆ ಚೀಲ ಸೋರುತ್ತಿದೆ ಎಂದರ್ಥ. ಸೋರುವ ಚೀಲಕ್ಕೆ ಗಾಳಿ ತುಂಬಿ ತುಂಬಿ ಕಂಪ್ರೆಸರ್ ಕೂಡ ಸುಟ್ಟುಹೋಗುತ್ತದೆ. ಹೊಸ ಚೀಲ ಹಾಕಿಸಬಹುದು, ಇಲ್ಲವೇ ಸಾಧಾರಣ ಉಕ್ಕಿನ ಸ್ಪ್ರಿಂಗಿಗೆ ಬದಲಾಯಿಸಬಹುದು. ಅನೇಕರು ಎರಡನೆಯದನ್ನೇ ಮಾಡುತ್ತಾರೆ. ಕಾರಿಗೆ ಜ್ಯಾಕ್ ಕೊಡುವ ಮುನ್ನ ಡಿಕ್ಕಿಯೊಳಗಿನ ಏರ್ ಸಸ್ಪೆನ್ಷನ್ ಸ್ವಿಚ್ಚನ್ನು ಆರಿಸಲೇಬೇಕು.

1996ರಿಂದೀಚಿನ ಟೌನ್ ಕಾರುಗಳ ಎಂಜಿನ್ ಮೇಲಿರುವ ಇಂಟೇಕ್ ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದು, ಕೂಲೆಂಟ್ ಹಾದುಹೋಗುವ ಮುಂಭಾಗದಲ್ಲಿ ಅದು ಸೀಳುತ್ತದೆ. ಆ ಜಾಗಕ್ಕೆ ಅಲ್ಯೂಮಿನಿಯಂ ಇರುವ ಹೊಸ ಮಾದರಿ ಬಂದಿದೆ. ಹಾಕಿಸಿದ ರಸೀದಿಯಿದ್ದರೆ ದೊಡ್ಡ ಚಿಂತೆ ಕಳೆದಂತೆ. ಹೆಚ್ಚು ಎಚ್ಚರ ಬೇಕಾದದ್ದು ಕ್ರೂಸ್ ಕಂಟ್ರೋಲಿನ ಒಂದು ಸಣ್ಣ ಸ್ವಿಚ್ಚಿನ ಬಗ್ಗೆ. ಅದರೊಳಗೆ ಬ್ರೇಕ್ ದ್ರವ ಸೋರಿ, ನಿಲ್ಲಿಸಿದ ಕಾರಿಗೂ ಬೆಂಕಿ ಹತ್ತುವ ಅಪಾಯವಿತ್ತು. 1992 ಮತ್ತು 1993ರ ಕಾರುಗಳನ್ನು ಕಂಪನಿ 1999ರಲ್ಲಿ ರೀಕಾಲ್ ಮಾಡಿತು, ಮುಂದೆ ಆ ರೀಕಾಲ್ ಇತರ ವರ್ಷಗಳ ಕಾರುಗಳಿಗೂ ವಿಸ್ತರಿಸಿತು. ಆ ಕೆಲಸ ಆಗಿದೆಯೇ ಎಂದು ಡೀಲರ್ ಬಳಿ ವಿಚಾರಿಸದೆ ಕಾರನ್ನು ಮನೆಯ ಗ್ಯಾರೇಜಿನೊಳಗೆ ನಿಲ್ಲಿಸಲೇಬಾರದು.

ಜನರಲ್ ಮೋಟಾರ್ಸ್ ಕಡೆಗೆ ಬಂದರೆ, ನಂಬಿಕೆಗೆ ಅರ್ಹವಾದದ್ದು ಮೇಲ್ಮಟ್ಟದ ಕ್ಯಾಡಿಲಾಕ್ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬ್ಯೂಕ್. ಪಾರ್ಕ್ ಅವೆನ್ಯೂ ಮತ್ತು ಅದರ ತಮ್ಮನಂತಿರುವ ಲೆಸೇಬರ್ ಕಾರುಗಳಲ್ಲಿ 3800 ಎಂಬ 3.8 ಲೀಟರ್ ವಿ6 ಎಂಜಿನ್ ಇದೆ. ಇದರ ವಂಶ 1960ರ ದಶಕದ ಆರಂಭದ ಬ್ಯೂಕ್ ವಿ6ವರೆಗೆ ಹಿಂದಕ್ಕೆ ಹೋಗುತ್ತದೆ. ಎರಕದ ಕಬ್ಬಿಣದ ಬ್ಲಾಕು, ಹಳೆಯ ಸರಳ ವಿನ್ಯಾಸ, ಹೆದ್ದಾರಿಯಲ್ಲಿ ಲೀಟರಿಗೆ 11 ಕಿಲೋಮೀಟರಿನ ಆಸುಪಾಸು ಮೈಲೇಜ್. 1995ರಲ್ಲಿ ಬಂದ ಸೀರೀಸ್ ಟೂ ರೂಪದಲ್ಲಿ 205 ಅಶ್ವಶಕ್ತಿ. ಇದರಲ್ಲೂ ಪ್ಲಾಸ್ಟಿಕ್ಕೇ ದುರ್ಬಲ ಕೊಂಡಿ. ಮೇಲಿನ ಇಂಟೇಕ್ ಬಿಸಿ ಅನಿಲದ ಕೊಳವೆಯ ಸುತ್ತ ತೆಳುವಾಗಿ ಕೂಲೆಂಟ್ ಎಂಜಿನ್ನಿನೊಳಗೆ ಇಳಿಯಬಹುದು. ಕೂಲೆಂಟ್ ಸಾಗಿಸುವ ಎರಡು ಪುಟ್ಟ ಪ್ಲಾಸ್ಟಿಕ್ ಎಲ್ಬೋಗಳು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತವೆ. ಎಲ್ಬೋಗಳ ಬೆಲೆ ಕೆಲವೇ ಡಾಲರ್. ಕಾರು ಕೊಂಡ ವಾರದಲ್ಲೇ ಬದಲಾಯಿಸಿಬಿಡುವುದು ಒಳ್ಳೆಯದು. ಅಲ್ಟ್ರಾ ಎಂಬ ಸೂಪರ್‌ಚಾರ್ಜರ್ ಮಾದರಿಗೆ 240 ಅಶ್ವಶಕ್ತಿಯ ಜೊತೆಗೆ ದುಬಾರಿ ಪ್ರೀಮಿಯಂ ಪೆಟ್ರೋಲೂ ಬೇಕು. ಮೊದಲ ಬಾರಿ ಕೊಳ್ಳುವವರಿಗೆ ಸಾಧಾರಣ ಮಾದರಿಯೇ ಸಾಕು.

ಕ್ಯಾಡಿಲಾಕಿನ ಕಥೆ ಇದಕ್ಕೆ ವಿರುದ್ಧವಾದದ್ದು, ಸ್ವಲ್ಪ ನೋವಿನದು ಕೂಡ. 1993ರಲ್ಲಿ ಬಂದ ನಾರ್ತ್‌ಸ್ಟಾರ್ ಎಂಜಿನ್ ಆ ಕಾಲದ ಹೆಮ್ಮೆ. 4.6 ಲೀಟರ್, ಅಲ್ಯೂಮಿನಿಯಂ ಬ್ಲಾಕು, 32 ವಾಲ್ವು, ಕಾಲಾಂತರದಲ್ಲಿ 300 ಅಶ್ವಶಕ್ತಿವರೆಗೆ. ಕೂಲೆಂಟ್ ಪೂರ್ತಿ ಸೋರಿಹೋದರೂ ಎಂಜಿನ್ ಅರ್ಧರ್ಧ ಸಿಲಿಂಡರುಗಳನ್ನು ಸರದಿಯಂತೆ ನಿಲ್ಲಿಸಿ, ಗಾಳಿಯಿಂದಲೇ ತಣಿಸಿಕೊಂಡು ಗ್ಯಾರೇಜ್ ತಲುಪುವಂತೆ ಅದನ್ನು ರೂಪಿಸಲಾಗಿತ್ತು. ಓಡುವಾಗ ಅದರ ನಯವೂ ಚುರುಕೂ ಇಂದಿಗೂ ಮೆಚ್ಚುವಂಥವು. ಆದರೆ ಸಿಲಿಂಡರ್ ಹೆಡ್ಡನ್ನು ಬಿಗಿಹಿಡಿಯುವ ಬೋಲ್ಟುಗಳ ಥ್ರೆಡ್ಡು ಮೆದು ಅಲ್ಯೂಮಿನಿಯಂನಲ್ಲಿ ಕೊರೆದದ್ದು. ವರ್ಷಗಟ್ಟಲೆ ಕಾದು ತಣಿಯುವ ಎಳೆದಾಟದಲ್ಲಿ ಅದು ಕಿತ್ತುಬರುತ್ತದೆ, ಹಿಡಿತ ಸಡಿಲಿದ ಕೂಡಲೇ ಹೆಡ್ ಗ್ಯಾಸ್ಕೆಟ್ ಸೋರುತ್ತದೆ. ಬರೀ ಗ್ಯಾಸ್ಕೆಟ್ ಬದಲಾಯಿಸಿದರೆ ಪ್ರಯೋಜನವಿಲ್ಲ, ಪ್ರತಿ ತೂತನ್ನೂ ಮತ್ತೆ ಕೊರೆದು ಉಕ್ಕಿನ ಥ್ರೆಡ್ಡು ಅಥವಾ ಸ್ಟಡ್ಡು ಕೂರಿಸಬೇಕು. ಸಾಮಾನ್ಯವಾಗಿ ಅದಕ್ಕೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಕೂಲಿಯೇ ಕಾರಿನ ಬೆಲೆಯನ್ನು ಮೀರುತ್ತದೆ.

ಹಾಗಾಗಿ ನಾರ್ತ್‌ಸ್ಟಾರ್ ಇರುವ ಡಿವಿಲ್ ಅಥವಾ ಸೆವಿಲ್ ಮೇಲೆ ಮನಸ್ಸು ಬಿದ್ದವರು ಒಂದು ಪರೀಕ್ಷೆಯನ್ನು ತಪ್ಪಿಸಬಾರದು. ಮೆಕ್ಯಾನಿಕ್‌ಗಳ ಬಳಿ ನೀಲಿ ದ್ರವ ತುಂಬಿದ ಗಾಜಿನ ಕೊಳವೆಯಂಥ ಸಾಧನವಿರುತ್ತದೆ. ಎಂಜಿನ್ ಓಡುತ್ತಿರುವಾಗ ಕೂಲೆಂಟ್ ಟ್ಯಾಂಕಿನ ಬಾಯಿಗೆ ಅದನ್ನು ಒತ್ತಿಹಿಡಿದು ಒಳಗಿನ ಗಾಳಿಯನ್ನು ಹೀರುತ್ತಾರೆ. ದಹನದ ಅನಿಲ ಕೂಲೆಂಟಿಗೆ ನುಗ್ಗುತ್ತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಹಳದಿ ಕಂಡ ಮೇಲೆ ಎಷ್ಟೇ ಅಗ್ಗವಾದರೂ ಆ ಕಾರನ್ನು ಬಿಟ್ಟು ಬರುವುದೇ ಸರಿ. ಟೆಸ್ಟ್ ಡ್ರೈವನ್ನು ಹತ್ತು ನಿಮಿಷಕ್ಕೆ ಮುಗಿಸದೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಬೇಕು, ಏರು ರಸ್ತೆಯಲ್ಲಿ ತಾಪಮಾನದ ಮುಳ್ಳನ್ನು ಗಮನಿಸಬೇಕು. ಈ ಕ್ಯಾಡಿಲಾಕುಗಳಲ್ಲಿ ಒಂದು ಉಪಕಾರವೂ ಇದೆ: ಎಸಿ ಫಲಕದ ಆಫ್ ಮತ್ತು ವಾರ್ಮರ್ ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದರೆ ಕಂಪ್ಯೂಟರ್ ನೆನಪಿನಲ್ಲಿಟ್ಟ ದೋಷಗಳ ಸಂಕೇತಗಳು ಡ್ಯಾಶ್‌ಬೋರ್ಡಿನಲ್ಲಿ ಒಂದೊಂದಾಗಿ ಮೂಡುತ್ತವೆ.

ಕ್ಯಾಡಿಲಾಕೇ ಬೇಕೆಂದರೆ ಹಿಂದಿನ ಚಕ್ರ ಚಾಲನೆಯ ಫ್ಲೀಟ್‌ವುಡ್ ಇದೆ, ಅದರ ಕೊನೆಯ ವರ್ಷ 1996. 1994ರಿಂದ ಅದಕ್ಕೆ ಶೆವ್ರೊಲೆ ಕಾಪ್ರಿಸ್ ಪೊಲೀಸ್ ಕಾರಿನಲ್ಲಿದ್ದ 5.7 ಲೀಟರ್ ವಿ8 ಬಂತು. ಗಟ್ಟಿಮುಟ್ಟಾದ ಎಂಜಿನ್. ಅದರ ಡಿಸ್ಟ್ರಿಬ್ಯೂಟರ್ ಮಾತ್ರ ವಾಟರ್ ಪಂಪಿನ ಕೆಳಗಿದ್ದು, ಪಂಪ್ ಸೋರಿದ ದಿನ ಅದೂ ಹಾಳಾಗುತ್ತದೆ. ಕ್ರೈಸ್ಲರಿನ ದಶಕದ ಆರಂಭದ ಕಾರುಗಳಲ್ಲಿ ಗೇರ್‌ಬಾಕ್ಸ್ ದುರ್ಬಲ, ಕಂಪನಿ ಹೇಳಿದ ನಿರ್ದಿಷ್ಟ ಎಣ್ಣೆಯನ್ನು ಬಿಟ್ಟು ಬೇರೆ ಹಾಕಿದ್ದರಿಂದ ಕೆಟ್ಟವೂ ಬಹಳ. ಲಿಂಕನ್ ಕಾಂಟಿನೆಂಟಲ್ ನೋಡಲು ಚೆಂದವಿದ್ದರೂ ಟೌನ್ ಕಾರಿನ ಸರಳತೆ ಅದರಲ್ಲಿಲ್ಲ.

ಮಾದರಿಯಷ್ಟೇ ಮುಖ್ಯ ಕಾರು ಬಾಳಿದ ಊರು. ಮಿಷಿಗನ್, ಒಹಾಯೊ, ನ್ಯೂಯಾರ್ಕ್ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಚಾಸಿಯನ್ನೂ ಬ್ರೇಕಿನ ಉಕ್ಕಿನ ಕೊಳವೆಗಳನ್ನೂ ಒಳಗೊಳಗೇ ತಿನ್ನುತ್ತದೆ. ಮೇಲೆ ಮಿರುಗುವ ಬಣ್ಣ, ಕೆಳಗೆ ಬೆರಳಿಟ್ಟರೆ ಉದುರುವ ತುಕ್ಕು. ಅಂಥ ಕಾರನ್ನು ಲಿಫ್ಟಿನ ಮೇಲೆ ಎತ್ತಿ ನೋಡದೆ ಮುಂಗಡ ಕೊಡಬಾರದು. ಅರಿಜೋನಾ, ಟೆಕ್ಸಸ್ ಕಡೆಯ ಕಾರಿನಲ್ಲಿ ತುಕ್ಕಿರುವುದಿಲ್ಲ. ಬಿಸಿಲಿಗೆ ರಬ್ಬರು ಒಣಗಿ, ಡ್ಯಾಶ್‌ಬೋರ್ಡು ಬಿರಿದು, ಒಳಚಾವಣಿಯ ಬಟ್ಟೆ ಜೋತುಬಿದ್ದಿರುತ್ತದೆ. ಬಟ್ಟೆ, ರಬ್ಬರನ್ನು ಬದಲಾಯಿಸಬಹುದು, ತುಕ್ಕು ಹಿಡಿದ ಚಾಸಿಯನ್ನು ಸರಿಪಡಿಸುವುದು ಬಲುಕಷ್ಟ.

ವರ್ಷದ ಆಯ್ಕೆಗೂ ಅರ್ಥವಿದೆ. 1994ಕ್ಕಿಂತ ಹಿಂದಿನ ಹೆಚ್ಚಿನ ಕಾರುಗಳ ಎಸಿಯಲ್ಲಿ ಆರ್-12 ಅನಿಲವಿತ್ತು. ಓಜೋನ್ ಪದರಕ್ಕೆ ಹಾನಿಕರವೆಂದು ಅಮೆರಿಕದಲ್ಲಿ ಅದರ ತಯಾರಿಕೆ 1995ರ ಕೊನೆಗೆ ನಿಂತಿತು. 1996ರಿಂದ ಎಲ್ಲ ಕಾರುಗಳಿಗೂ ಒಬಿಡಿ-2 ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಅಗ್ಗದ ಸ್ಕ್ಯಾನರ್ ಚುಚ್ಚಿದರೆ ದೋಷ ತಿಳಿಯುತ್ತದೆ. ದಶಕದ ಉತ್ತರಾರ್ಧದ ಕಾರು ಮೇಲೆನ್ನಲು ಇವೆರಡೇ ಸಾಕಷ್ಟು ಕಾರಣ. ಸುರಕ್ಷತೆಯಲ್ಲಿ ಮಾತ್ರ ಇವು ಇಂದಿನ ಕಾರಿಗೆ ಸಮವಲ್ಲ. ಮುಂದಿನ ಏರ್‌ಬ್ಯಾಗ್ ಇದ್ದರೂ, ಜಾರುವ ಕಾರನ್ನು ಹತೋಟಿಗೆ ತರುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಹುಪಾಲು ಕಾರುಗಳಲ್ಲಿಲ್ಲ. ಎಳೆಯ ಮಕ್ಕಳಿರುವ ಸಂಸಾರ ಇದನ್ನು ಗಂಭೀರವಾಗಿ ಯೋಚಿಸಬೇಕು.

ಕಾಗದಪತ್ರಗಳಲ್ಲಿ ಮೊದಲು ನೋಡಬೇಕಾದದ್ದು ಟೈಟಲ್, ಅಂದರೆ ಒಡೆತನದ ಪತ್ರ. ಅದರ ಮೇಲೆ ಸಾಲ್ವೇಜ್ ಎಂಬ ಮುದ್ರೆಯಿದ್ದರೆ ಅಪಘಾತ, ನೆರೆ ಮುಂತಾದ ಕಾರಣಕ್ಕೆ ವಿಮಾ ಕಂಪನಿ ಆ ಕಾರನ್ನು ಒಮ್ಮೆ ಕೈಬಿಟ್ಟಿದೆ ಎಂದರ್ಥ. 17 ಅಕ್ಷರ-ಅಂಕಿಗಳ ವಿಐಎನ್ ಸಂಖ್ಯೆಯಲ್ಲಿ ಹತ್ತನೆಯದು ಮಾದರಿ ವರ್ಷ ಹೇಳುತ್ತದೆ: ಎಸ್ ಎಂದರೆ 1995, ಟಿ ಎಂದರೆ 1996, ವಿ ಎಂದರೆ 1997. ಇಷ್ಟು ಹಳೆಯ ಕಾರಿಗೆ ಮೀಟರ್ ಓಟವನ್ನು ಪ್ರಮಾಣೀಕರಿಸಬೇಕೆಂಬ ಕಾನೂನಿನ ಕಟ್ಟು ಇಲ್ಲ. ಹೀಗಾಗಿ ಮೀಟರಿನಲ್ಲಿ 60 ಸಾವಿರ ಮೈಲಿ ಎಂದಿದ್ದರೂ ಬ್ರೇಕ್ ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಪೆಡಲನ್ನೇ ನಂಬಬೇಕು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸುವವರು ಹೊಗೆ ಪರೀಕ್ಷೆಯನ್ನೂ ಮರೆಯಬಾರದು; ಅಲ್ಲಿ 1976ರಿಂದೀಚಿನ ಪೆಟ್ರೋಲ್ ಕಾರುಗಳಿಗೆ ಅದು ಅನ್ವಯಿಸುತ್ತದೆ.

ಓದಿಗೋ ಕೆಲಸಕ್ಕೋ ಕರ್ನಾಟಕದಿಂದ ಹೋಗಿ, ಬಸ್ಸಿಲ್ಲದ ಅಮೆರಿಕನ್ ಊರಿನಲ್ಲಿ ಮೊದಲ ಕಾರು ಹುಡುಕುವವರ ಕಣ್ಣಿಗೂ ಇವು ಬೀಳುತ್ತವೆ. ಮರಳುವಾಗ ಜೊತೆಗೆ ತರುವ ಆಸೆ ಇಟ್ಟುಕೊಳ್ಳುವಂತಿಲ್ಲ. ಭಾರತದ ಆಮದು ನಿಯಮದ ಪ್ರಕಾರ ಹಳೆಯ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಗಡೆಗೇ ಇರಬೇಕು.

ಖರ್ಚಿನ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಿಟ್ಟುಕೊಳ್ಳಬೇಕು. ವಿ8 ಕಾರು ಊರೊಳಗೆ ಲೀಟರಿಗೆ ಏಳು ಕಿಲೋಮೀಟರ್ ಕೊಟ್ಟರೆ ಹೆಚ್ಚು. ದಶಕದ ನಾರ್ತ್‌ಸ್ಟಾರ್‌ಗಳಿಗೆ ಪ್ರೀಮಿಯಂ ಪೆಟ್ರೋಲ್ ಬೇಕು. ಕೈಯಲ್ಲಿ ನಾಲ್ಕು ಸಾವಿರ ಡಾಲರ್ ಇದ್ದರೆ ಎರಡೂವರೆ ಸಾವಿರದ ಕಾರು ಹುಡುಕಿ, ಉಳಿದದ್ದನ್ನು ಮೊದಲ ವರ್ಷದ ರಿಪೇರಿಗೆ ತೆಗೆದಿಡುವುದು ಸರಿಯಾದ ಕ್ರಮ. ಕೊಂಡ ಮೊದಲ ತಿಂಗಳಲ್ಲೇ ಎಂಜಿನ್ ಎಣ್ಣೆ, ಗೇರ್‌ಬಾಕ್ಸ್ ಎಣ್ಣೆ, ಕೂಲೆಂಟ್, ಬ್ರೇಕ್ ದ್ರವ, ಬೆಲ್ಟು, ಹೋಸ್‌ಗಳನ್ನು ಬದಲಾಯಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಮುಂದಿನೆರಡು ವರ್ಷ. ಹತ್ತು ವರ್ಷ ದಾಟಿದ ಟೈರಿನ ಟ್ರೆಡ್ ಎಷ್ಟೇ ಆಳವಾಗಿದ್ದರೂ ಹೆದ್ದಾರಿಗೆ ಇಳಿಯುವ ಮೊದಲು ಅದನ್ನು ತೆಗೆಸಬೇಕು.