ಒಂದು ಕಾರು, ಎರಡು ಬ್ಯಾಟರಿ

“ಆಯಿಲ್ ಬದಲಿಸುವ ತಾಪತ್ರಯವಿಲ್ಲ, ಕ್ಲಚ್ ಇಲ್ಲ, ಪ್ಲಗ್ ಇಲ್ಲ; ರಾತ್ರಿ ಚಾರ್ಜಿಗೆ ಇಟ್ಟರೆ ಆಯಿತು” ಎಂಬ ಮಾತನ್ನು ನಂಬಿಯೇ ನಾವು ಮೂರು ವರ್ಷಗಳ ಹಿಂದೆ ವಿದ್ಯುತ್ ಕಾರೊಂದನ್ನು ಕೊಂಡದ್ದು. ಅದೂ ಹೊಸತಲ್ಲ, ಇನ್ನೊಬ್ಬರು ಎರಡು ವರ್ಷ ಓಡಿಸಿ ಮಾರಿದ್ದು. ಹೇಳಿದವರು ಸುಳ್ಳು ಹೇಳಿದರೆನ್ನಲಾಗದು. ಆದರೆ ಅವರು ಹೇಳದೆ ಬಿಟ್ಟುದನ್ನು ಕಲಿಯಲು ನಮಗೆ ಒಂದು ಬೇಸಗೆ ರಜೆಯೂ ಸುಮಾರು ಎರಡು ತಿಂಗಳ ಸಂಬಳವೂ ತಗಲಿತು. ಗಡಿನಾಡಿನ ನಮ್ಮವರ ಅಂಗಳಗಳಲ್ಲಿಯೂ ಈಗ ಇಂತಹ ಕಾರುಗಳು ಒಂದೊಂದಾಗಿ ಬಂದು ನಿಲ್ಲುತ್ತಿವೆ. ಆದುದರಿಂದ ಆ ಪಾಠವನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಏಪ್ರಿಲಿನಲ್ಲಿ ಶಾಲೆ ಮುಚ್ಚಿದ ಮೇಲೆ ಕಾರಿಗೆ ನೂರಕ್ಕೆ ನೂರು ಚಾರ್ಜು ತುಂಬಿಸಿ, ಅಂಗಳದ ತಗಡಿನ ಮಾಡಿನಡಿ ನಿಲ್ಲಿಸಿ ನಾವು ಐದು ವಾರ ಊರಿನಿಂದ ಹೊರಗಿದ್ದೆವು. ಮರಳಿ ಬಂದು ನೋಡಿದರೆ ಬಾಗಿಲಿನ ಬೀಗವೇ ಅಲ್ಲಾಡದು. ಎಂಟು ಹತ್ತು ಲಕ್ಷದ ವಸ್ತು ಮರದ ಕೊರಡಿನಂತೆ ನಿಂತಿತ್ತು. ಪರಿಚಯದ ಮೆಕ್ಯಾನಿಕ್ ಬಂದು, ಮುಂದಿನ ಮುಚ್ಚಳ ಎತ್ತಿ, ತಂತಿ ತಾಗಿಸಿ ನೋಡಿ ನಕ್ಕ. “ಮಾಷ್ಟ್ರೇ, ಕಾರು ಸತ್ತದ್ದಲ್ಲ. ಸಣ್ಣ ಬ್ಯಾಟರಿ ಸತ್ತದ್ದು.”

ವಿದ್ಯುತ್ ಕಾರಿನಲ್ಲಿ ಬ್ಯಾಟರಿ ಎರಡು ಎಂಬುದು ಕೊಂಡವರಲ್ಲಿಯೂ ಹಲವರಿಗೆ ತಿಳಿದಿರುವುದಿಲ್ಲ. ಚಕ್ರ ತಿರುಗಿಸುವುದು ನೆಲದಡಿಯ ದೊಡ್ಡ ಲಿಥಿಯಂ ಬ್ಯಾಟರಿ. ಅದರ ವೋಲ್ಟೇಜು ಮುನ್ನೂರರ ಆಸುಪಾಸಿನದು, ಕೈ ಹಾಕುವಂಥದ್ದಲ್ಲ. ಬೀಗ, ದೀಪ, ಪರದೆ ಇವೆಲ್ಲ ನಡೆಯುವುದು 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ. ದೊಡ್ಡದನ್ನು ಮೋಟರಿಗೆ ಜೋಡಿಸುವ ಸ್ವಿಚ್ಚನ್ನು ಎಳೆಯುವುದೂ ಈ ಸಣ್ಣದೇ. ಪತ್ತಾಯ ತುಂಬ ಭತ್ತವಿದ್ದರೂ ಕೀಲಿಕೈ ಕಳೆದುಹೋದರೆ ಉಪವಾಸವೇ ತಾನೆ? ಹಲವು ಕಾರುಗಳಲ್ಲಿ ಈ ಸಣ್ಣದು ಇಂದಿಗೂ ಸೀಸ ಮತ್ತು ಆಮ್ಲದ ಹಳೆಯ ಜಾತಿಯದೇ. ಮೂರು ನಾಲ್ಕು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕಾಗಿ ಬರುತ್ತದೆ, ಖರ್ಚು ದೊಡ್ಡದಲ್ಲ.

ಸ್ವಾರಸ್ಯವಿರುವುದು ಇವೆರಡರ ಸ್ವಭಾವದಲ್ಲಿ. ಸೀಸದ ಬ್ಯಾಟರಿಗೆ ಹೊಟ್ಟೆ ತುಂಬಿಯೇ ಇರಬೇಕು. ಅರೆಹೊಟ್ಟೆಯಲ್ಲಿ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಹರಳುಗಟ್ಟಿ ಮತ್ತೆ ಕರಗದು. ಮನೆಯ ಇನ್ವರ್ಟರನ್ನು ಸದಾ ತುಂಬಿಸಿಡುವ ಅಭ್ಯಾಸ ನಮಗೆ ಬಂದದ್ದು ಹೀಗೆ. ಲಿಥಿಯಂ ಇದಕ್ಕೆ ತದ್ವಿರುದ್ಧ. ಅದಕ್ಕೆ ಅರೆಹೊಟ್ಟೆಯೇ ಹಿತ. ತುಂಬಿದ ಹೊಟ್ಟೆ, ಮೇಲಿಂದ ಸೆಕೆ, ಇವೆರಡೂ ಕೂಡಿದರೆ ಅದು ಬೇಗನೆ ಮುಪ್ಪಾಗುತ್ತದೆ. ನಾವು ಇನ್ವರ್ಟರಿನ ಬುದ್ಧಿಯನ್ನು ಕಾರಿಗೆ ಹಚ್ಚಿ, ತುಂಬಿಸಬಾರದ್ದನ್ನು ತುಂಬಿಸಿಟ್ಟು, ತುಂಬಿರಬೇಕಾದ್ದನ್ನು ಬರಿದಾಗಲು ಬಿಟ್ಟಿದ್ದೆವು.

ಕರ್ನಾಟಕದವರಿಗೆ ವಿದ್ಯುತ್ ಕಾರಿನ ಪರಿಚಯ ಹೊಸತೇನಲ್ಲ. ಬೆಂಗಳೂರಿನಲ್ಲಿ ತಯಾರಾದ ಪುಟ್ಟ ರೇವಾ ಕಾರು 2001ರಲ್ಲಿಯೇ ರಸ್ತೆಗಿಳಿದಿತ್ತು, ಮುಂದೆ ಲಂಡನ್ನಿನ ಬೀದಿಗಳಲ್ಲಿಯೂ ಓಡಿತ್ತು. ಅದರಲ್ಲಿದ್ದುದು 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಕಾಲಕಾಲಕ್ಕೆ ಭಟ್ಟಿಯಿಳಿಸಿದ ನೀರು ಹೊಯ್ಯಬೇಕಿತ್ತು, ಕೆಲವೇ ವರ್ಷಗಳಲ್ಲಿ ಇಡೀ ಸೆಟ್ಟನ್ನೇ ಬದಲಿಸಬೇಕಿತ್ತು. ಲಿಥಿಯಂ ಬ್ಯಾಟರಿಗೆ ನೀರು ಹೊಯ್ಯಬೇಕಾಗಿಲ್ಲ. 1991ರಲ್ಲಿ ಪೇಟೆಗೆ ಬಂದ ಈ ಬ್ಯಾಟರಿಯ ಹಿಂದೆ ದುಡಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಅದು ಮುಪ್ಪಾಗುವುದು ಹೇಗೆ? ಚಾರ್ಜು ಮಾಡುವಾಗ ಲಿಥಿಯಂ ಕಣಗಳು ಒಂದು ದಡದಿಂದ ಹೊರಟು ಇನ್ನೊಂದು ದಡದ ಗ್ರಾಫೈಟಿನ ಪದರಗಳೊಳಗೆ ಸೇರಿಕೊಳ್ಳುತ್ತವೆ, ಕಾರು ಓಡುವಾಗ ಹಿಂದಿರುಗುತ್ತವೆ. ಗ್ರಾಫೈಟಿನ ಮೇಲೆ ಮೊದಲ ದಿನವೇ ಒಂದು ತೆಳು ಪೊರೆ ಕಟ್ಟುತ್ತದೆ. ಅದು ಬೇಕಾದದ್ದೇ, ಒಳಗಿನದನ್ನು ಕಾಯುತ್ತದೆ. ಆದರೆ ವರ್ಷ ಹೋದಂತೆ ಪೊರೆ ದಪ್ಪವಾಗುತ್ತ, ಓಡಾಡಬೇಕಾದ ಲಿಥಿಯಮ್ಮನ್ನು ನುಂಗುತ್ತ ಹೋಗುತ್ತದೆ. ಸೆಕೆ ಹೆಚ್ಚಾದಷ್ಟೂ, ಚಾರ್ಜು ತುಂಬಿದಷ್ಟೂ ಈ ನುಂಗುವಿಕೆ ಚುರುಕಾಗುತ್ತದೆ. ಕಾರು ಓಡದೆ ನಿಂತಿದ್ದರೂ ಇದು ನಿಲ್ಲದು. ಆದುದರಿಂದ “ಕಡಿಮೆ ಓಡಿದ ಕಾರು, ಬ್ಯಾಟರಿ ಹೊಸದರಂತಿದೆ” ಎಂದು ಮಾರುವವರು ಹೇಳಿದರೆ ಪೂರ್ತಿ ನಂಬಬೇಡಿ.

ಸೆಕೆಯ ಪ್ರಭಾವ ಎಷ್ಟೆಂಬುದಕ್ಕೆ ಅಮೆರಿಕದ ಅರಿಝೋನಾ ಸಾಕ್ಷಿ. ನಿಸಾನ್ ಕಂಪೆನಿಯ ಲೀಫ್ ಕಾರು 2010ರ ಕೊನೆಗೆ ಮಾರಾಟಕ್ಕೆ ಬಂತು. ಅದರ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇರಲಿಲ್ಲ. ಫೀನಿಕ್ಸ್ ನಗರದ ಬಿಸಿಲಿನಲ್ಲಿ ಎರಡು ವರ್ಷ ತುಂಬುವ ಮೊದಲೇ, 2012ರಲ್ಲಿ, ಓಟದ ದೂರ ಕುಗ್ಗಿತೆಂದು ಕೊಂಡವರು ದೂರಿದರು. ಕೊನೆಗೆ ಕಂಪೆನಿ ಬ್ಯಾಟರಿಯ ಸಾಮರ್ಥ್ಯಕ್ಕೂ ಗ್ಯಾರಂಟಿ ಕೊಡಬೇಕಾಯಿತು, ಸೆಕೆ ತಾಳುವ ಬ್ಯಾಟರಿಯನ್ನೂ ತರಬೇಕಾಯಿತು. ನಮ್ಮ ಕರಾವಳಿ ಅಷ್ಟು ಸುಡುವುದಿಲ್ಲವಾದರೂ ಮಾರ್ಚಿನಿಂದ ಮೇ ತನಕ ತಗಡಿನ ಮಾಡಿನಡಿ ಕೈಯಿಟ್ಟು ನೋಡಿದವರಿಗೆ ಬೇರೆ ವಿವರಣೆ ಬೇಡ. ನಮ್ಮ ಕಾರನ್ನು ಈಗ ಹಲಸಿನ ಮರದಡಿ ನಿಲ್ಲಿಸುತ್ತೇವೆ, ಹಣ್ಣಿನ ಕಾಲದಲ್ಲಿ ಮಾತ್ರ ಸ್ವಲ್ಪ ಆಚೆ!

ಲಿಥಿಯಮ್ಮಿನಲ್ಲಿಯೂ ಜಾತಿಗಳಿವೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ್ದು ಒಂದು. ಕಬ್ಬಿಣದ ಫಾಸ್ಫೇಟಿನದು ಇನ್ನೊಂದು. ಮೊದಲನೆಯದನ್ನು ನಿತ್ಯದ ಓಡಾಟಕ್ಕೆ 80ಕ್ಕೆ ನಿಲ್ಲಿಸುವುದು ಲೇಸು. ಎರಡನೆಯದು ಹೆಚ್ಚು ಗಟ್ಟಿಮುಟ್ಟು, ಆದರೆ ಅದರ ಮಟ್ಟ ಅಳೆಯುವುದು ಕಷ್ಟ. ಅಡುಗೆ ಗ್ಯಾಸಿನ ಸಿಲಿಂಡರನ್ನು ನೆನೆಯಿರಿ: ಒಳಗೆ ದ್ರವವಿರುವ ತನಕ ಒತ್ತಡ ಒಂದೇ ತೆರ, ಮುಗಿಯುವಾಗ ಒಮ್ಮೆಲೇ ಮುಗಿಯುತ್ತದೆ. ಈ ಬ್ಯಾಟರಿಯ ವೋಲ್ಟೇಜೂ ಬಹುಪಾಲು ಹಾಗೆಯೇ. ಆದುದರಿಂದ ಪರದೆಯ ಅಂಕಿ ನಿಧಾನವಾಗಿ ತಪ್ಪುತ್ತ ಹೋಗುತ್ತದೆ. ಆಗಾಗ ಪೂರ್ತಿ ತುಂಬಿಸಿದರೆ ಲೆಕ್ಕ ಸರಿಗೊಳ್ಳುತ್ತದೆ. ತುಂಬಿಸಿದ ಮೇಲೆ ಓಡಿಸಬೇಕು, ವಾರಗಟ್ಟಲೆ ಹಾಗೆಯೇ ನಿಲ್ಲಿಸಬಾರದು, ಅಷ್ಟೆ. ದೀರ್ಘ ರಜೆಗೆ ಹೋಗುವುದಾದರೆ ಅರ್ಧದಲ್ಲಿರಿಸಿ. ನಿಮ್ಮ ಕಾರಿನದು ಯಾವ ಜಾತಿ ಎಂಬುದನ್ನು ಕೊಳ್ಳುವ ದಿನವೇ ಕೇಳಿ ಬರೆದಿಡಿ.

ಎರಡು ತಿಂಗಳ ಸಂಬಳ ಹೋದ ಕತೆ ಬೇರೆ. ನಮ್ಮ ಅಣ್ಣ ಕಾರನ್ನು ತೋಟಕ್ಕೂ ಪೇಟೆಗೂ ಕೊಂಡೊಯ್ಯುವುದುಂಟು. ಅವರು ಮಲಯಾಳ ಸರಾಗವಾಗಿ ಮಾತಾಡುತ್ತಾರೆ, ಆದರೆ ಓದಿದ್ದು ಕನ್ನಡ ಮಾತ್ರ. ಒಂದು ವಾರ ಪರದೆಯಲ್ಲಿ ಇಂಗ್ಲಿಷಿನ ಒಂದು ಸಾಲು ಬಂದು ಹೋಗುತ್ತಿತ್ತಂತೆ. “ಅದು ದಿನಾ ಏನಾದರೊಂದು ಬರೆಯುತ್ತದೆ, ನಾನು ಓದಲಿಕ್ಕೆ ಹೋಗಲಿಲ್ಲ” ಎಂದರು ಅಣ್ಣ. ಆ ಸಾಲು ತಂಪು ದ್ರವ ಕಡಿಮೆಯಾದ ಎಚ್ಚರಿಕೆಯಾಗಿತ್ತು. ಕೊಳವೆ ಜಿನುಗಿ ದ್ರವ ಬತ್ತಿ, ಪಂಪು ಒಣಗಿ ತಿರುಗಿ ಕೆಟ್ಟು, ಜೊತೆಗೆ ಚಾರ್ಜಿನ ಭಾಗವೂ ಬಿಸಿಯಾಗಿ ಹಾಳಾಯಿತು. ಗ್ಯಾರಂಟಿ ಸಿಗಲಿಲ್ಲ, ಎಚ್ಚರಿಕೆ ತೋರಿದ ಮೇಲೂ ಓಡಿಸಿದ್ದು ಯಂತ್ರದ ನೆನಪಿನಲ್ಲಿ ದಾಖಲಾಗಿತ್ತು. ಷರತ್ತಿನ ಪುಸ್ತಕ ತೆರೆದು ತೋರಿಸಿದರು. ಅದೂ ಇಂಗ್ಲಿಷಿನಲ್ಲಿ. ಅಣ್ಣ ಮೂರು ದಿನ ಊಟದ ಹೊತ್ತಿಗೆ ತಲೆಯೆತ್ತಲಿಲ್ಲ. ತಪ್ಪು ಅವರದೆಂದು ನಾವು ಎಣಿಸಲಿಲ್ಲ, ಈಗಲೂ ಎಣಿಸುವುದಿಲ್ಲ. ಕನ್ನಡದವರಿಗೆ ವಾಹನ ಮಾರುವವರು ಹತ್ತು ಎಚ್ಚರಿಕೆಯ ಮಾತುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಟ್ಟರೆ ಅವರ ಗಂಟೇನೂ ಹೋಗದು. ಅವರು ಕೊಡದಿದ್ದರೆ ಮನೆಯ ಮಕ್ಕಳಾದರೂ ಬರೆದು ಕೊಡಲಿ.

ನಾವು ಮಾಡಿದ್ದು ಅದನ್ನೇ. ಪರದೆಯಲ್ಲಿ ಮೂಡುವ ಒಂದೊಂದು ಚಿಹ್ನೆಯ ಚಿತ್ರ ಬಿಡಿಸಿ, ಪಕ್ಕದಲ್ಲಿ “ನಿಲ್ಲಿಸಿ”, “ಮನೆಗೆ ಹೋಗಿ ತಿಳಿಸಿ”, “ಚಿಂತೆಯಿಲ್ಲ” ಎಂಬ ಮೂರು ಮಾತುಗಳಲ್ಲೊಂದನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇವೆ. ತಂಪು ದ್ರವದ ಡಬ್ಬಿಯಲ್ಲಿ ಗೆರೆಯಿದೆ. ಪ್ರತಿ ಆದಿತ್ಯವಾರ ಅಣ್ಣನೇ ನೋಡುತ್ತಾರೆ. ಕಡಿಮೆಯಾದರೆ ಬಾವಿಯ ನೀರು ಹೊಯ್ಯಬಾರದು, ಕಂಪೆನಿ ಹೇಳಿದ ದ್ರವವೇ ಆಗಬೇಕು.

ಇನ್ನು ನಮ್ಮ ಊರಿಗೆ ವಿಶೇಷವಾದ ಕೆಲವು ಸಂಗತಿಗಳು. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಮನೆಯ ಅರ್ತಿಂಗು ದುರ್ಬಲವಾಗುತ್ತದೆ. ಎಷ್ಟೋ ಸಲ ಕಾರು ಚಾರ್ಜು ತೆಗೆದುಕೊಳ್ಳದೆ ಹಟ ಹಿಡಿಯುವುದು ಇದೇ ಕಾರಣಕ್ಕೆ. ಅರ್ತಿನ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದರೆ ತಾನೇ ಸರಿಹೋಗುತ್ತದೆ. ಹಾಗೆಂದು ಅರ್ತಿಲ್ಲದೆ ಚಾರ್ಜು ಮಾಡುವ ಅಡ್ಡದಾರಿ ಹೇಳಿಕೊಡುವವರ ಮಾತು ಕೇಳಬೇಡಿ, ಜೀವಕ್ಕೆ ಅಪಾಯ. ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಎಳೆಯುವ ಕರೆಂಟನ್ನು ಕಾರು ಹತ್ತು ಗಂಟೆ ಎಳೆಯುತ್ತದೆ. ಸಡಿಲ ಸಾಕೆಟ್ಟು ಕರಗಿಹೋದೀತು. ಅದಕ್ಕೆಂದೇ ಪ್ರತ್ಯೇಕ ದಪ್ಪ ವಯರು ಎಳೆಸಬೇಕು. ಮೇ ತಿಂಗಳ ಮತ್ತು ತುಲಾ ಮಾಸದ ಸಿಡಿಲಿಗೆ ಗುಡುಗು ಕೇಳಿದೊಡನೆ ಪ್ಲಗ್ ಕೀಳಬೇಕು. ಇಲಿಗಳ ಕಾಟವೂ ಉಂಟು. ಕಿತ್ತಳೆ ಬಣ್ಣದ ದಪ್ಪ ವಯರಿನಲ್ಲಿ ಹಲ್ಲಿನ ಗುರುತು ಕಂಡರೆ ಕೈ ಹಾಕದೆ ಬಲ್ಲವರನ್ನು ಕರೆಯಿರಿ.

ಬ್ರೇಕಿನದು ವಿಚಿತ್ರ ಕಾಯಿಲೆ: ಸವೆಯುವುದಕ್ಕಿಂತ ತುಕ್ಕು ಹಿಡಿಯುವುದೇ ಹೆಚ್ಚು. ಕಾಲು ತೆಗೆದಾಗ ಮೋಟರೇ ಡೈನಮೋ ಆಗಿ ವೇಗ ತಗ್ಗಿಸುವುದರಿಂದ ಬ್ರೇಕಿಗೆ ಕೆಲಸವಿಲ್ಲ, ಮೇಲಿಂದ ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕ ಮಳೆ, ಉಪ್ಪುಗಾಳಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಖಾಲಿ ರಸ್ತೆ ನೋಡಿ ಗಟ್ಟಿಯಾಗಿ ಬ್ರೇಕು ಒತ್ತಬೇಕು. ಸುಳ್ಯದ ದಾರಿಯಾಗಿ ಮಡಿಕೇರಿಗೆ ಹೋಗುವವರಿಗೆ ಇದು ಇನ್ನಷ್ಟು ಮುಖ್ಯ. ಒಂದೂವರೆ ಟನ್ನಿನ ಕಾರು ಸಾವಿರ ಮೀಟರು ಇಳಿಯುವಾಗ ಲೆಕ್ಕಕ್ಕೆ 4 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ, ಅದರಲ್ಲಿ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ. ಆದರೆ ಮೇಲೆಯೇ ಪೂರ್ತಿ ತುಂಬಿಸಿ ಇಳಿದರೆ ಆ ಶಕ್ತಿಗೆ ಜಾಗವೆಲ್ಲಿ? ಸಂಪಾಜೆ ಘಾಟಿಯ ತಿರುವುಗಳಲ್ಲಿ ಇಡೀ ಭಾರ ತುಕ್ಕು ಹಿಡಿದ ಬ್ರೇಕಿನ ಮೇಲೆ ಬೀಳುತ್ತದೆ.

ಬ್ಯಾಟರಿ ಎಷ್ಟು ಉಳಿದಿದೆಯೆಂದು ಮನೆಯಲ್ಲೇ ತಿಳಿಯಬಹುದು. ನಮ್ಮದು 30 ಯೂನಿಟ್ಟಿನದು. 20ರಿಂದ 100ರ ತನಕ ತುಂಬಿಸಲು 24 ಯೂನಿಟ್ ಬೇಕು. ದಾರಿಯಲ್ಲಿ ಸೋರುವುದೂ ಸೇರಿ ಸಬ್ ಮೀಟರಿನಲ್ಲಿ ಮೊದಲ ಸಲ 27 ತೋರಿತ್ತು. ಈ ವರ್ಷ ಅದೇ ತಿಂಗಳು, ಅದೇ ಸಾಕೆಟ್ಟಿನಲ್ಲಿ 25. ಎಂದರೆ ನೂರಕ್ಕೆ ಏಳರಷ್ಟು ಹೋಗಿದೆ. ಹಳೆಯ ಕಾರು ಕೊಳ್ಳುವವರು ಇಂತಹ ಲೆಕ್ಕವನ್ನೋ, ಸರ್ವಿಸಿನವರ ಮುದ್ರಿತ ವರದಿಯನ್ನೋ ಕೇಳಿ ಪಡೆಯಬೇಕು. ಭಾರತದಲ್ಲಿ ಹಲವು ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ಗ್ಯಾರಂಟಿಯಿದೆ. ಅದು ಎರಡನೆಯ ಮಾಲಿಕರಿಗೂ ಸಲ್ಲುತ್ತದೆಯೇ ಎಂಬುದನ್ನು ಕಾಗದದಲ್ಲಿಯೇ ನೋಡಬೇಕು.

ನಮ್ಮ ಕಾರಿನ ಗ್ಯಾರಂಟಿ ಮುಗಿಯಲು ಇನ್ನು ಮೂರು ವರ್ಷವಿದೆ. ಲೆಕ್ಕದ ಪುಸ್ತಕ ಈಗ ಅಣ್ಣನ ವಶದಲ್ಲಿದೆ, ಅವರೇ ಕನ್ನಡದ ಅಂಕಿಗಳಲ್ಲಿ ಬರೆದಿಡುತ್ತಾರೆ.